ಕತ್ತಿನ ನಾಳದ ಚಿತ್ರ: ಯಾರಿಗೆ ಬೇಕು, ಏಕೆ ಬೇಕು

2025ರ ಜುಲೈ ಮೊದಲ ವಾರ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಬೆಳಗಿನ ಜಾವದಿಂದಲೇ ಜನ ಸಾಲುಗಟ್ಟುತ್ತಿದ್ದರು. ಹಾಸನ ಜಿಲ್ಲೆಯಲ್ಲಿ ಸುಮಾರು 40 ದಿನಗಳೊಳಗೆ 20ಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ತೀರಿಕೊಂಡರು, ಅವರಲ್ಲಿ ಹರೆಯದವರೂ ಇದ್ದರು ಎಂಬ ಸುದ್ದಿ ರಾಜ್ಯವನ್ನೆಲ್ಲ ಕಲಕಿತ್ತು. ಸಾಲಿನಲ್ಲಿ ನಿಂತವರಲ್ಲಿ ಅನೇಕರಿಗೆ ಎದೆನೋವಾಗಲಿ ಏದುಸಿರಾಗಲಿ ಇರಲಿಲ್ಲ. ಮುಂದಿನ ಸರದಿ ನನ್ನದೇ ಇರಬಹುದೆ ಎಂಬ ದಿಗಿಲು ಮಾತ್ರ ಇತ್ತು. 2021ರ ಅಕ್ಟೋಬರ್ 29ರಂದು 46 ವರ್ಷದ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗಲೂ ಬೆಂಗಳೂರಿನ ಆಸ್ಪತ್ರೆಗಳು ಇದೇ ದಿಗಿಲು ಹೊತ್ತವರಿಂದ ತುಂಬಿಹೋಗಿದ್ದವು.

ಹಾಸನದ ಸಾವುಗಳನ್ನು ಪರಿಶೀಲಿಸಲು ಸರ್ಕಾರ ಜಯದೇವ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿ ನೇಮಿಸಿತು. ಹಿಂದಿನ ದಿನಗಳಿಗೆ ಹೋಲಿಸಿದರೆ ಅಸಹಜ ಏರಿಕೆ ಕಾಣುತ್ತಿಲ್ಲ ಎಂದು ಸಮಿತಿ ವರದಿ ಕೊಟ್ಟಿತು. ತಂಬಾಕು, ಮದ್ಯ, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಬೊಜ್ಜು ಎಂಬ ಹಳೆಯ ಕಾರಣಗಳೇ ಮತ್ತೆ ಎದ್ದು ಕಂಡವು. ಆ ವರದಿ ಓದಿ ನಿಟ್ಟುಸಿರು ಬಿಟ್ಟವರು ಅದರ ಇನ್ನೊಂದು ಅರ್ಥವನ್ನೂ ಗಮನಿಸಬೇಕು. ಇಂಥ ಸಾವುಗಳು ಪ್ರತಿವರ್ಷ, ಪ್ರತಿ ಜಿಲ್ಲೆಯಲ್ಲೂ ಸದ್ದಿಲ್ಲದೆ ನಡೆಯುತ್ತಿವೆ. ಹಾಸನದಲ್ಲಿ ಯಾರೋ ಎಣಿಸಿದರು, ಹಾಗಾಗಿ ಕಣ್ಣಿಗೆ ಬಿತ್ತು. ದಾವಣಗೆರೆ, ಹರಿಹರ ಮತ್ತು ಹದಡಿಯಂಥ ಸುತ್ತಲಿನ ಹಳ್ಳಿಗಳಲ್ಲಿ ಎಣಿಸಿದರೂ ನಮ್ಮ ನಿದ್ದೆ ಕೆಡಬಹುದು.

ಜಯದೇವದ ಸಾಲಿನಲ್ಲಿ ನಿಂತ ಹೆಚ್ಚಿನವರಿಗೆ ಇಸಿಜಿ ಮಾಡಿದರು, ಕೆಲವರಿಗೆ ಎಕೋ ಮಾಡಿದರು. ‘ನಾರ್ಮಲ್’ ಎಂಬ ಮಾತು ಕೇಳಿ ಜನ ನೆಮ್ಮದಿಯಿಂದ ಮನೆಗೆ ಮರಳಿದರು. ಆದರೆ ಇಸಿಜಿ ಹೇಳುವುದು ಆ ಗಳಿಗೆಯಲ್ಲಿ ಹೃದಯದ ವಿದ್ಯುತ್ ಚಲನೆ ಹೇಗಿದೆ ಎಂಬುದನ್ನು. ಎಕೋ ಹೇಳುವುದು ಹೃದಯದ ಮಾಂಸಖಂಡ ಮತ್ತು ಕವಾಟಗಳು ಹೇಗೆ ಕೆಲಸ ಮಾಡುತ್ತಿವೆ ಎಂಬುದನ್ನು. ನಡಿಗೆಯ ಯಂತ್ರದ ಮೇಲೆ ಓಡಿಸಿ ಮಾಡುವ ಟಿಎಂಟಿಯಿಂದ ದಣಿದಾಗ ಹೃದಯಕ್ಕೆ ರಕ್ತ ಸಾಲದೆ ಬರುತ್ತಿದೆಯೆ ಎಂದು ತಿಳಿಯುತ್ತದೆ. ರೋಗ ಹುಟ್ಟಿ ಬೆಳೆಯುವ ಜಾಗ ರಕ್ತನಾಳದ ಗೋಡೆ. ಅದನ್ನು ಈ ಮೂರರಲ್ಲಿ ಯಾವುದೂ ನೇರವಾಗಿ ನೋಡುವುದಿಲ್ಲ. ಆರು ತಿಂಗಳ ಹಿಂದೆ ಎಲ್ಲ ಪರೀಕ್ಷೆಯಲ್ಲೂ ಪಾಸಾಗಿದ್ದವರು ಒಂದು ಬೆಳಿಗ್ಗೆ ಕುಸಿದು ಬೀಳುವುದಕ್ಕೆ ಇದೇ ಕಾರಣ.

ಏರಿಯೊಳಗಿನ ಬಿಲ

ಹೃದಯದ ನಾಳ ಕಟ್ಟಿಕೊಳ್ಳುವುದೆಂದರೆ ನಾಲೆಯಲ್ಲಿ ಹೂಳು ತುಂಬಿದಂತೆ ಎಂದು ನಾವೆಲ್ಲ ಭಾವಿಸುತ್ತೇವೆ. ಹೂಳು ಹೆಚ್ಚಿದಷ್ಟೂ ನೀರು ಕಡಿಮೆಯಾಗುತ್ತ ಬಂದು, ಕೊನೆಗೊಂದು ದಿನ ನಿಲ್ಲುತ್ತದೆ ಎಂಬ ಲೆಕ್ಕ. ಭದ್ರಾ ನಾಲೆಯನ್ನು ನಂಬಿ ಗದ್ದೆ, ತೋಟ ಮಾಡುವ ನಮ್ಮ ಕಡೆಯ ರೈತರಿಗೆ ಇನ್ನೊಂದು ಅಪಾಯವೂ ಗೊತ್ತು. ಏರಿಯ ಒಳಗೆ ಏಡಿ, ಹೆಗ್ಗಣಗಳು ಬಿಲ ತೋಡಿರುತ್ತವೆ. ಮೇಲೆ ನೀರು ಎಂದಿನಂತೆ ತುಂಬಿ ಹರಿಯುತ್ತಿರುತ್ತದೆ. ಒಂದು ರಾತ್ರಿ ಏರಿಯೇ ಒಡೆಯುತ್ತದೆ. ರಕ್ತನಾಳದ ರೋಗ ಬಹುಮಟ್ಟಿಗೆ ಈ ಎರಡನೆಯ ಬಗೆಯದು.

ಕೊಬ್ಬಿನ ಕಣಗಳು ನಾಳದ ಒಳಪದರವನ್ನು ದಾಟಿ ಗೋಡೆಯೊಳಗೆ ಸೇರುತ್ತವೆ. ಅವನ್ನು ತಿಂದುಹಾಕಲು ಬಂದ ರಕ್ಷಣಾ ಕೋಶಗಳು ಅಲ್ಲೇ ಸತ್ತು ಗುಡ್ಡೆಯಾಗುತ್ತವೆ. ಅದರ ಮೇಲೊಂದು ತೆಳುವಾದ ಹೊದಿಕೆ ಬೆಳೆಯುತ್ತದೆ. ಇದನ್ನೇ ವೈದ್ಯರು ಪ್ಲಾಕ್ ಎನ್ನುತ್ತಾರೆ. ಅಮೆರಿಕದ ಸೆಯ್ಮೋರ್ ಗ್ಲಾಗೋವ್ 1987ರಲ್ಲಿ ಒಂದು ಮುಖ್ಯ ಸಂಗತಿ ತೋರಿಸಿಕೊಟ್ಟರು. ಪ್ಲಾಕ್ ಬೆಳೆದಂತೆ ನಾಳ ಹೊರಮುಖವಾಗಿ ಹಿಗ್ಗುತ್ತದೆ, ನಾಳದ ಒಳಗಿನ ಸುಮಾರು ಶೇ 40ರಷ್ಟು ಜಾಗವನ್ನು ಪ್ಲಾಕ್ ಆಕ್ರಮಿಸುವವರೆಗೂ ರಕ್ತ ಹರಿಯುವ ದಾರಿ ಕಿರಿದಾಗುವುದೇ ಇಲ್ಲ. ಅಷ್ಟರಲ್ಲಿ ಹೊದಿಕೆ ಹರಿದರೆ ಒಳಗಿನ ಜಿಡ್ಡಿಗೆ ರಕ್ತ ತಾಗಿ ಕೆಲವೇ ನಿಮಿಷಗಳಲ್ಲಿ ಹೆಪ್ಪುಗಟ್ಟುತ್ತದೆ. ಹೃದಯದ ನಾಳದಲ್ಲಾದರೆ ಹಾರ್ಟ್ ಅಟ್ಯಾಕ್. ಕತ್ತಿನ ನಾಳದಲ್ಲಾಗಿ ಹೆಪ್ಪಿನ ಚೂರು ಮಿದುಳಿಗೆ ಹೋದರೆ ಲಕ್ವ.

ಇದು ಮುಪ್ಪಿನಲ್ಲಿ ಶುರುವಾಗುವ ರೋಗವೂ ಅಲ್ಲ. ಕೊರಿಯಾ ಯುದ್ಧದಲ್ಲಿ ಮಡಿದ 300 ಅಮೆರಿಕನ್ ಸೈನಿಕರ ಹೃದಯಗಳನ್ನು ಪರೀಕ್ಷಿಸಿದ ವರದಿ 1953ರಲ್ಲಿ ಪ್ರಕಟವಾಯಿತು. ಅವರ ಸರಾಸರಿ ವಯಸ್ಸು 22. ಶೇ 77 ಮಂದಿಯ ನಾಳಗಳಲ್ಲಿ ರೋಗದ ಗುರುತು ಆಗಲೇ ಕಂಡಿತ್ತು. ನಮ್ಮಲ್ಲಂತೂ ಅದು ಇನ್ನೂ ಬೇಗ ಫಲ ಕೊಡುತ್ತದೆ. 52 ದೇಶಗಳನ್ನು ಒಳಗೊಂಡ ‘ಇಂಟರ್‌ಹಾರ್ಟ್’ ಅಧ್ಯಯನದ ಪ್ರಕಾರ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಬರುವ ನಡುವಯಸ್ಸು 53. ಉಳಿದ ದೇಶಗಳಲ್ಲಿ ಅದು ಸುಮಾರು 59. ಮನೆ ಕಟ್ಟುವ, ಮಕ್ಕಳನ್ನು ಓದಿಸುವ ವಯಸ್ಸಿನಲ್ಲೇ ನಮ್ಮವರು ಬೀಳುತ್ತಿದ್ದಾರೆ.

ಗೋಡೆಯನ್ನು ನೋಡುವ ಎರಡು ಬಗೆ

ಬೀಳುವ ಮೊದಲೇ ಗೋಡೆಯ ಸ್ಥಿತಿ ನೋಡಬಹುದೆ? ನೋಡಬಹುದು. ಅದಕ್ಕೆ ಮುಖ್ಯವಾಗಿ ಎರಡು ದಾರಿಗಳಿವೆ.

ಮೊದಲನೆಯದು ಕತ್ತಿನ ಸ್ಕ್ಯಾನಿಂಗ್. ಮಿದುಳಿಗೆ ರಕ್ತ ಒಯ್ಯುವ ಕೆರೋಟಿಡ್ ನಾಳಗಳು ಕತ್ತಿನ ಎರಡೂ ಬದಿಯಲ್ಲಿ ಚರ್ಮದ ತೀರ ಹತ್ತಿರವೇ ಹಾದುಹೋಗುತ್ತವೆ. ಗರ್ಭಿಣಿಯರಿಗೆ ಬಳಸುವ ಅಲ್ಟ್ರಾಸೌಂಡ್‌ನ ವಿಧಾನದಲ್ಲೇ ಅವುಗಳ ಗೋಡೆಯನ್ನು ಪರದೆಯ ಮೇಲೆ ನೋಡಬಹುದು. ಸೂಜಿ ಚುಚ್ಚುವುದಿಲ್ಲ, ವಿಕಿರಣವಿಲ್ಲ, ಉಪವಾಸವೂ ಬೇಕಿಲ್ಲ. 1986ರಲ್ಲಿ ಇಟಲಿಯ ಪಾವ್ಲೊ ಪಿನ್ಯೋಲಿ ಮತ್ತು ಸಂಗಡಿಗರು ಹೀಗೆ ಗೋಡೆಯ ಒಳಪದರಗಳ ದಪ್ಪ ಅಳೆಯಬಹುದೆಂದು ತೋರಿಸಿದರು. ಆ ದಪ್ಪ ಒಂದು ಮಿಲಿಮೀಟರಿಗೂ ಕಡಿಮೆ ಇರಬೇಕು. 1.5 ಮಿಲಿಮೀಟರ್ ದಾಟಿದರೆ, ಅಥವಾ ಒಂದು ಕಡೆ ಗಂಟಿನಂತೆ ಒಳಕ್ಕೆ ಚಾಚಿಕೊಂಡಿದ್ದರೆ, ಅದು ಪ್ಲಾಕ್. ಕತ್ತಿನ ನಾಳದಲ್ಲಿ ಪ್ಲಾಕ್ ಇದ್ದವರ ಹೃದಯದ ನಾಳದಲ್ಲೂ ಅದು ಇರುವ ಸಂಭವ ಹೆಚ್ಚು. ಒಂದೇ ರಕ್ತ, ಒಂದೇ ಒತ್ತಡ ಎಲ್ಲ ನಾಳಗಳಲ್ಲೂ ಹರಿಯುತ್ತದಲ್ಲ.

ಎರಡನೆಯದು ಹೃದಯದ ಸಿ.ಟಿ. ಸ್ಕ್ಯಾನ್. ಹಳೆಯ ಪ್ಲಾಕ್‌ನಲ್ಲಿ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಕಟ್ಟಿಕೊಳ್ಳುತ್ತದೆ. ಸಿ.ಟಿ.ಯಲ್ಲಿ ಅದು ಬೆಳ್ಳಗೆ ಹೊಳೆಯುತ್ತದೆ. ಅದನ್ನು ಅಂಕೆಗೆ ಇಳಿಸುವ ವಿಧಾನವನ್ನು 1990ರಲ್ಲಿ ಆರ್ಥರ್ ಆಗಾಟ್‌ಸ್ಟನ್ ಮತ್ತು ಸಂಗಡಿಗರು ರೂಪಿಸಿದರು. ಅದೇ ಕ್ಯಾಲ್ಸಿಯಂ ಸ್ಕೋರ್. ಸೊನ್ನೆ ಬಂದರೆ ಕ್ಯಾಲ್ಸಿಯಂ ಇಲ್ಲ, 100 ದಾಟಿದರೆ ಎಚ್ಚರ ಬೇಕು, 400 ದಾಟಿದರೆ ರೋಗದ ಹೊರೆ ಬಹಳ. ಈ ಪರೀಕ್ಷೆಗೆ ಔಷಧ ಚುಚ್ಚುವುದಿಲ್ಲ. ತಾಗುವ ವಿಕಿರಣ ಸುಮಾರು 1 ಮಿಲಿಸೀವರ್ಟ್, ಒಂದು ವರ್ಷದಲ್ಲಿ ನೆಲ ಮುಗಿಲುಗಳಿಂದ ಸಹಜವಾಗಿಯೇ ನಮ್ಮ ಮೈಗೆ ತಾಗುವುದರ ಅರ್ಧಕ್ಕಿಂತ ಕಡಿಮೆ. ಬಣ್ಣದ ಔಷಧ ಚುಚ್ಚಿ ಮಾಡುವ ಸಿ.ಟಿ. ಆಂಜಿಯೋಗ್ರಾಂ ಬೇರೆ ಪರೀಕ್ಷೆ. ಅದು ಮುಖ್ಯವಾಗಿ ಎದೆನೋವಿನಂಥ ತೊಂದರೆ ಇದ್ದವರಿಗೆ.

ಈ ಚಿತ್ರಗಳು ನಾಳೆಯ ಬಗ್ಗೆ ಎಷ್ಟು ಹೇಳಬಲ್ಲವು? ಅಮೆರಿಕದಲ್ಲಿ 2000ದಲ್ಲಿ ಶುರುವಾದ ‘ಮೆಸಾ’ ಅಧ್ಯಯನ 6,800ಕ್ಕೂ ಹೆಚ್ಚು ಜನರನ್ನು ಹಿಂಬಾಲಿಸಿತು. ಸೊನ್ನೆ ಸ್ಕೋರ್‌ನವರಿಗೆ ಹೋಲಿಸಿದರೆ 101ರಿಂದ 300ರವರೆಗೆ ಸ್ಕೋರ್ ಇದ್ದವರಿಗೆ ಹೃದಯದ ತೊಂದರೆ ಬರುವ ಸಂಭವ ಏಳು ಪಟ್ಟಿಗೂ ಮಿಗಿಲು, 300 ದಾಟಿದವರಿಗೆ ಒಂಬತ್ತು ಪಟ್ಟಿಗೂ ಮಿಗಿಲು ಎಂದು 2008ರಲ್ಲಿ ಪ್ರಕಟವಾಯಿತು. ಬಿಪಿ, ಶುಗರ್, ಕೊಲೆಸ್ಟರಾಲ್, ಧೂಮಪಾನಗಳ ಲೆಕ್ಕ ಕಳೆದ ಮೇಲೂ ಉಳಿದ ವ್ಯತ್ಯಾಸವಿದು. ಮೆಸಾದಲ್ಲಿ ನಮ್ಮ ಭಾಗದ ಮೂಲದವರು ಇರಲಿಲ್ಲ. ಆ ಕೊರತೆ ತುಂಬಲು 2010ರಲ್ಲಿ ಅಲ್ಲಿನ ದಕ್ಷಿಣ ಏಷ್ಯಾ ಮೂಲದವರಿಗಾಗಿಯೇ ‘ಮಸಾಲ’ ಎಂಬ ಅಧ್ಯಯನ ಆರಂಭವಾಯಿತು.

ಯಾರಿಗೆ ಬೇಕು, ಯಾರಿಗೆ ಬೇಡ

ಇಷ್ಟು ಓದಿದ ಮೇಲೆ ನಾಳೆಯೇ ಸ್ಕ್ಯಾನಿಂಗ್ ಸೆಂಟರಿಗೆ ಹೋಗೋಣ ಎನಿಸಬಹುದು. ಸ್ವಲ್ಪ ತಡೆಯಿರಿ. ಜನರನ್ನು ಮೂರು ಗುಂಪಾಗಿ ನೋಡಿದರೆ ವಿಷಯ ತಿಳಿಯಾಗುತ್ತದೆ.

ಮೊದಲನೆಯ ಗುಂಪಿಗೆ ಚಿತ್ರವೇ ಬೇಕಿಲ್ಲ, ಏಕೆಂದರೆ ಮಾಡಬೇಕಾದ್ದು ಈಗಾಗಲೇ ಖಚಿತ. ಒಮ್ಮೆ ಹೃದಯಾಘಾತ ಅಥವಾ ಲಕ್ವ ಆದವರು, ಹತ್ತಾರು ವರ್ಷದಿಂದ ಸಕ್ಕರೆ ಕಾಯಿಲೆ ಇರುವವರು, ಕೊಲೆಸ್ಟರಾಲ್ ಅತಿಯಾಗಿ ಏರಿರುವವರು ಇದರಲ್ಲಿದ್ದಾರೆ. ಇವರಿಗೆ ಬೇಕಾದ್ದು ಮಾತ್ರೆ, ಪಥ್ಯ ಮತ್ತು ತಂಬಾಕಿನಿಂದ ಬಿಡುಗಡೆ. ಎರಡನೆಯ ಗುಂಪು ಯಾವ ಅಪಾಯಕಾರಣವೂ ಇಲ್ಲದ, ಮನೆತನದಲ್ಲೂ ಇಲ್ಲದ ಎಳೆಯರದು. ಇವರಿಗೂ ಚಿತ್ರ ಬೇಡ. ಇಪ್ಪತ್ತೈದು, ಮೂವತ್ತರ ವಯಸ್ಸಿನಲ್ಲಿ ಕ್ಯಾಲ್ಸಿಯಂ ಕಟ್ಟಿರುವುದೇ ಅಪರೂಪ. ಸೊನ್ನೆ ಸ್ಕೋರ್ ಬಂದರೂ ಮೆತ್ತನೆಯ ಪ್ಲಾಕ್ ಇರಬಹುದು. ಈ ಗುಂಪಿಗೆ ಸೇರದ, ದಿನಕ್ಕೊಂದು ಪ್ಯಾಕ್ ಸಿಗರೇಟು ಸೇದುವ ಯುವಕನಿಗೆ ಆ ಸೊನ್ನೆ ಸುಳ್ಳು ಧೈರ್ಯ ಕೊಟ್ಟರೆ ಪರೀಕ್ಷೆಯಿಂದಲೇ ಕೇಡಾಯಿತು.

ಮೂರನೆಯ ಗುಂಪು ನಡುವಿನದು. 45ರಿಂದ 65ರ ವಯಸ್ಸು, ಬಿಪಿ ಸ್ವಲ್ಪ ಜಾಸ್ತಿ, ಕೊಲೆಸ್ಟರಾಲ್ ಗಡಿಯಲ್ಲಿ, ಅಪ್ಪನಿಗೋ ಅಣ್ಣನಿಗೋ ಐವತ್ತರೊಳಗೆ ಅಟ್ಯಾಕ್ ಆಗಿತ್ತು. ಕೊಲೆಸ್ಟರಾಲ್ ಇಳಿಸುವ ಸ್ಟಾಟಿನ್ ಮಾತ್ರೆಯನ್ನು ಜೀವಮಾನವೆಲ್ಲ ನುಂಗಬೇಕೆ ಎಂದು ಇವರೂ ವೈದ್ಯರೂ ತೂಗಿ ನೋಡುತ್ತಿರುತ್ತಾರೆ. ಚಿತ್ರ ನಿಜವಾಗಿ ಉಪಯೋಗಕ್ಕೆ ಬರುವುದು ಇವರಿಗೆ. ಅಮೆರಿಕದ ಹೃದ್ರೋಗ ತಜ್ಞರ ಸಂಘಗಳ 2018ರ ಮಾರ್ಗಸೂಚಿ ಇದನ್ನೇ ಹೇಳುತ್ತದೆ. ಇಂಥವರಲ್ಲಿ ಸ್ಕೋರ್ 100 ದಾಟಿದರೆ ಮಾತ್ರೆ ಶುರುಮಾಡಿ. ಸೊನ್ನೆ ಇದ್ದು, ಸಕ್ಕರೆ ಕಾಯಿಲೆ, ಧೂಮಪಾನ, ಮನೆತನದಲ್ಲಿ ಎಳೆವಯಸ್ಸಿನ ಹೃದ್ರೋಗ ಇವು ಯಾವುದೂ ಇಲ್ಲದಿದ್ದರೆ ಕೆಲವು ವರ್ಷ ಕಾಯಬಹುದು. ಕತ್ತಿನ ನಾಳದ ಗೋಡೆಯ ದಪ್ಪವೊಂದನ್ನೇ ಅಳೆದು ತೀರ್ಮಾನಿಸುವುದನ್ನು ತಜ್ಞರು ಈಗ ಒಪ್ಪುವುದಿಲ್ಲ. ಅಳತೆ ಕೂದಲೆಳೆಯಷ್ಟು ತಪ್ಪಿದರೂ ಫಲಿತಾಂಶ ಬದಲಾಗುತ್ತದೆ. ಪ್ಲಾಕ್ ಇದೆಯೋ ಇಲ್ಲವೋ, ಇದ್ದರೆ ಎಷ್ಟಿದೆ ಎಂಬುದು ಅದಕ್ಕಿಂತ ನಂಬಲರ್ಹ.

‘ಬ್ಲಾಕ್ ಐತೇನ್ರಿ?’

ಸ್ಕ್ಯಾನಿಂಗ್ ಕೋಣೆಯಿಂದ ಹೊರಬಂದವರು ಮೊದಲು ಕೇಳುವುದು ಈ ಮಾತನ್ನೇ. ಬ್ಲಾಕ್ ಸಿಕ್ಕರೆ ಸ್ಟೆಂಟ್ ಹಾಕಿಸಿ ಮುಗಿಸಿಬಿಡೋಣ ಎಂಬ ಆಸೆ ಅದರ ಹಿಂದಿರುತ್ತದೆ. ಇಲ್ಲಿ ಬಹಳ ಎಚ್ಚರ ಬೇಕು. ಭಾರತವೂ ಸೇರಿ 37 ದೇಶಗಳಲ್ಲಿ ನಡೆದ ‘ಇಸ್ಕೀಮಿಯಾ’ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ರೋಗ ಸ್ಥಿರವಾಗಿರುವವರಲ್ಲಿ, ಒಳ್ಳೆಯ ಮಾತ್ರೆಗಳ ಜೊತೆಗೆ ಸ್ಟೆಂಟ್ ಅಥವಾ ಬೈಪಾಸ್ ಸೇರಿಸಿದ್ದರಿಂದ ಸಾವು ಕಡಿಮೆಯಾಗಲಿಲ್ಲ. ಎದೆನೋವು ಇದ್ದವರಿಗೆ ನೋವು ತಗ್ಗಿತು, ಅದೂ ದೊಡ್ಡ ಉಪಕಾರವೇ. ಹಾರ್ಟ್ ಅಟ್ಯಾಕ್ ಆಗುತ್ತಿರುವ ಹೊತ್ತಿನಲ್ಲಿ ಸ್ಟೆಂಟ್ ಜೀವ ಉಳಿಸುತ್ತದೆ ಎಂಬುದರಲ್ಲಿ ಎರಡು ಮಾತಿಲ್ಲ. ಆರಾಮಾಗಿರುವವರ ಚಿತ್ರದಲ್ಲಿ ಕಂಡ ಪ್ಲಾಕ್‌ಗೆ ಮೊದಲ ಮದ್ದು ಮಾತ್ರೆಯೇ. ಗೋಡೆಯ ಉದ್ದಕ್ಕೂ ಹರಡಿದ ರೋಗವನ್ನು ಒಂದು ಜಾಗದಲ್ಲಿ ಹಾಕಿದ ಸ್ಟೆಂಟ್ ಗುಣಪಡಿಸಲಾರದು.

ಕತ್ತಿನ ನಾಳಕ್ಕೂ ಇದೇ ವಿವೇಕ ಸಲ್ಲುತ್ತದೆ. ಒಂದು ಕೈ ಜೋಮು ಹಿಡಿದು ಸರಿಹೋಯಿತು, ಹತ್ತು ನಿಮಿಷ ಮಾತು ತೊದಲಿತು, ಒಂದು ಕಣ್ಣಿಗೆ ಪರದೆ ಬಿದ್ದಂತಾಗಿ ತೆರೆಯಿತು. ಇವು ಲಕ್ವದ ಮುನ್ಸೂಚನೆಗಳು. ಇಂಥವರ ಕತ್ತಿನ ಸ್ಕ್ಯಾನ್ ತಡಮಾಡದೆ ಆಗಬೇಕು. ಉತ್ತರ ಅಮೆರಿಕದಲ್ಲಿ ನಡೆದು 1991ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನಾಳ ಶೇ 70ಕ್ಕಿಂತ ಹೆಚ್ಚು ಕಿರಿದಾಗಿ ಇಂಥ ಸೂಚನೆಗಳೂ ಕಂಡಿದ್ದವರಿಗೆ ಶಸ್ತ್ರಕ್ರಿಯೆ ಮಾಡಿ ಪ್ಲಾಕ್ ತೆಗೆದಾಗ ಎರಡು ವರ್ಷಗಳಲ್ಲಿ ಲಕ್ವದ ಅಪಾಯ ಶೇ 26ರಿಂದ ಶೇ 9ಕ್ಕೆ ಇಳಿಯಿತು. ಯಾವ ಸೂಚನೆಯೂ ಇಲ್ಲದ ಸಾಮಾನ್ಯರನ್ನೆಲ್ಲ ಕರೆದು ನಾಳ ಕಿರಿದಾಗಿದೆಯೆ ಎಂದು ಹುಡುಕುವುದು ಬೇಡ ಎಂದು ಅಮೆರಿಕದ ತಜ್ಞ ಸಮಿತಿ 2014ರಲ್ಲೂ 2021ರಲ್ಲೂ ಹೇಳಿದೆ. ಡೆನ್ಮಾರ್ಕಿನಲ್ಲಿ 65ರಿಂದ 74ರ ವಯಸ್ಸಿನ 46,000ಕ್ಕೂ ಹೆಚ್ಚು ಗಂಡಸರನ್ನು ಸೇರಿಸಿಕೊಂಡು, ಒಂದು ಭಾಗದವರನ್ನು ಸಿ.ಟಿ. ಮುಂತಾದ ತಪಾಸಣೆಗೆ ಆಹ್ವಾನಿಸಿದರು. ಐದು ವರ್ಷಗಳ ನಂತರ ಎರಡೂ ಕಡೆಯ ಸಾವಿನ ಪ್ರಮಾಣದಲ್ಲಿ ಖಚಿತವೆನ್ನುವಂಥ ಅಂತರ ಸಿಗಲಿಲ್ಲ. ಎಲ್ಲರಿಗೂ ಸ್ಕ್ಯಾನ್ ಮಾಡಿಸಿಬಿಟ್ಟರೆ ಸಾವು ತಗ್ಗುತ್ತದೆ ಎಂಬ ಭರವಸೆಯನ್ನು ವಿಜ್ಞಾನ ಇನ್ನೂ ಕೊಟ್ಟಿಲ್ಲ.

ಸ್ವೀಡನ್ನಿನ ಹಳ್ಳಿಗಳು ಕಲಿಸಿದ್ದು

ಹಾಗಾದರೆ ಈ ಚಿತ್ರದಿಂದ ಏನು ಪ್ರಯೋಜನ? ನನಗೆ ತಿಳಿದಂತೆ ಇದಕ್ಕೆ ಬಹಳ ಒಳ್ಳೆಯ ಉತ್ತರ ಬಂದಿದ್ದು ಸ್ವೀಡನ್ನಿನ ಉತ್ತರದ ವೆಸ್ಟರ್‌ಬಾಟನ್ ಪ್ರಾಂತ್ಯದಿಂದ. ಊರಿಂದ ಊರಿಗೆ ದೂರ ಇರುವ, ಕಾಡು ಹಳ್ಳಿಗಳ ನಾಡು ಅದು. ಅಲ್ಲಿ 40, 50, 60 ವರ್ಷ ವಯಸ್ಸಿನ 3,532 ಜನರ ಕತ್ತಿನ ಸ್ಕ್ಯಾನ್ ಮಾಡಿದರು. ಅರ್ಧದಷ್ಟು ಜನರಿಗೆ ಮತ್ತು ಅವರ ವೈದ್ಯರಿಗೆ ಮಾತ್ರ ಫಲಿತಾಂಶವನ್ನು ಚಿತ್ರದ ರೂಪದಲ್ಲಿ ಕಳಿಸಿದರು. ನಿಮ್ಮ ನಾಳದ ವಯಸ್ಸು ಎಷ್ಟು ಎಂದು ಹಸಿರಿನಿಂದ ಕೆಂಪಿನವರೆಗಿನ ಬಣ್ಣದ ಪಟ್ಟಿಯಲ್ಲಿ ತೋರಿಸಿದ್ದರು. ಪ್ಲಾಕ್ ಇದ್ದರೆ ಕೆಂಪು ಗುರುತು, ಇಲ್ಲದಿದ್ದರೆ ಹಸಿರು. ಕೆಲವು ವಾರಗಳ ನಂತರ ಒಬ್ಬ ನರ್ಸ್ ಫೋನ್ ಮಾಡಿ ಚಿತ್ರದ ಅರ್ಥ ವಿವರಿಸಿದರು. ಉಳಿದ ಅರ್ಧ ಜನರಿಗೆ ಎಂದಿನ ಆರೈಕೆ ಮಾತ್ರ. ಒಂದು ವರ್ಷದ ನಂತರ ನೋಡಿದಾಗ ಚಿತ್ರ ಕಂಡವರ ಅಪಾಯದ ಅಂಕ ಉಳಿದವರಿಗಿಂತ ಕಡಿಮೆಯಾಗಿತ್ತು. 2019ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಇದನ್ನು ಪ್ರಕಟಿಸಿತು. ಇಳಿಕೆ ದೊಡ್ಡದೇನೂ ಇರಲಿಲ್ಲ, ಆದರೆ ಅದಕ್ಕಾಗಿ ಯಾವ ಹೊಸ ಔಷಧವನ್ನೂ ಕೊಟ್ಟಿರಲಿಲ್ಲ.

ನಮಗೆ ಇದು ಮುಖ್ಯ ಎನ್ನಲು ಕಾರಣವಿದೆ. ಬಿಪಿ ಮಾತ್ರೆ ಕೊಟ್ಟ ಮೂರು ತಿಂಗಳಿಗೆ ‘ಈಗ ಆರಾಮೈತಿ’ ಎಂದು ಬಿಟ್ಟುಬಿಡುವವರು ನಮ್ಮ ಪ್ರತಿ ಓಣಿಯಲ್ಲೂ ಇದ್ದಾರೆ. ಅವರನ್ನು ಬೈದು ಪ್ರಯೋಜನವಿಲ್ಲ. ನೋವಿಲ್ಲದ ರೋಗವನ್ನು ನಂಬುವುದು ಯಾರಿಗೂ ಕಷ್ಟ. 140/90 ಎಂಬ ಅಂಕೆ ಕಣ್ಣಿಗೆ ಏನನ್ನೂ ಕಾಣಿಸುವುದಿಲ್ಲ. ನನ್ನದೇ ಕತ್ತಿನ ನಾಳದಲ್ಲಿ ನನ್ನದೇ ಗಂಟು ಕಂಡರೆ ಮಾತ್ರೆಗೂ ಬೀಡಿಗೂ ಇರುವ ಸಂಬಂಧ ತಟ್ಟನೆ ಹೊಳೆಯುತ್ತದೆ. ನಾಳೆ ಏನಾಗುತ್ತದೆ ಎಂದು ಚಿತ್ರ ಶಕುನ ನುಡಿಯಲಾರದು. ಇಂದು ಏನು ಮಾಡಬೇಕೆಂದು ಮನವೊಪ್ಪಿಸಬಲ್ಲದು.

ದಕ್ಷಿಣ ಭಾರತದ ಹಳ್ಳಿಗಳಲ್ಲೂ ಕತ್ತಿನ ಸ್ಕ್ಯಾನ್ ನಡೆದಿದೆ. ಹೈದರಾಬಾದಿಗೆ ಸಮೀಪದ 28 ಹಳ್ಳಿಗಳ 3,000ಕ್ಕೂ ಹೆಚ್ಚು ಜನರ ನಾಳದ ದಪ್ಪವನ್ನು ಅವರು ಉಸಿರಾಡುವ ಗಾಳಿಯೊಂದಿಗೆ ಹೋಲಿಸಿದ ಅಧ್ಯಯನ 2020ರಲ್ಲಿ ಬಂತು. ಸೂಕ್ಷ್ಮ ದೂಳು ಹೆಚ್ಚಿದ್ದ ಕಡೆ ಗಂಡಸರ ನಾಳದ ಗೋಡೆ ಹೆಚ್ಚು ದಪ್ಪವಾಗಿತ್ತು. ಸೌದೆ ಒಲೆಯ ಹೊಗೆಗೂ ಹೆಂಗಸರ ನಾಳದ ದಪ್ಪಕ್ಕೂ ನಂಟಿರುವ ಸುಳಿವೂ ಸಿಕ್ಕಿತು. ದೂಳು ಹೆಚ್ಚಿರುವಲ್ಲಿ ಹೃದಯದ ನಾಳದ ಕ್ಯಾಲ್ಸಿಯಂ ಬೇಗ ಬೆಳೆಯುತ್ತದೆ ಎಂದು ಮೆಸಾ ತಂಡವೂ 2016ರಲ್ಲಿ ತೋರಿಸಿತ್ತು. ಇದನ್ನು ದಾವಣಗೆರೆಯವರು ಎರಡು ಸಲ ಓದಬೇಕು. ಕೇಂದ್ರದ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ, ಗಾಳಿಯ ಗುಣಮಟ್ಟ ಸಾಲದೆಂದು ಗುರುತಿಸಲಾದ ಕರ್ನಾಟಕದ ನಾಲ್ಕು ನಗರಗಳಲ್ಲಿ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿಗಳ ಜೊತೆ ನಮ್ಮೂರೂ ಇದೆ. ಮಂಡಕ್ಕಿ ಭಟ್ಟಿಯ ಹೊಗೆಯಲ್ಲಿ ದಿನವಿಡೀ ನಿಲ್ಲುವವರಿಗೆ, ಪಿ.ಬಿ. ರಸ್ತೆಯಲ್ಲಿ ಆಟೊ ಓಡಿಸುವವರಿಗೆ ‘ಎಣ್ಣೆ ಕಡಿಮೆ ಮಾಡಿ’ ಎಂಬ ಉಪದೇಶವೊಂದೇ ಸಾಲದು. ಅವರ ನಾಳದ ಗೋಡೆಗೆ ನಗರದ ಆಡಳಿತವೂ ಹೊಣೆ.

ಹದಡಿಯಲ್ಲಿ ಆಗಬೇಕಾದ್ದು

ಎದೆ ಹಿಂಡಿದಂತೆ ನೋವು ಬಂದು, ಬೆವರು ಕಿತ್ತುಕೊಂಡರೆ ಅದು ಸ್ಕ್ಯಾನಿಂಗ್‌ಗೆ ಹೋಗುವ ಹೊತ್ತಲ್ಲ. ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿದು ಮಲಗುವ ಹೊತ್ತೂ ಅಲ್ಲ. 108ಕ್ಕೆ ಕರೆ ಮಾಡಿ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಪುನೀತ್ ಹೆಸರಿನ ‘ಹೃದಯ ಜ್ಯೋತಿ’ ಯೋಜನೆಗೆ ಸೇರಿದ ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳಲ್ಲಿ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ಹೊರಗೆ ಅದಕ್ಕೆ ಹತ್ತಾರು ಸಾವಿರ ರೂಪಾಯಿ.

ಆರಾಮಾಗಿರುವವರು ಮೂವತ್ತು ದಾಟಿದ ಮೇಲೆ ಬಿಪಿ, ಶುಗರ್ ನೋಡಿಸಿಕೊಳ್ಳಿ, ಒಮ್ಮೆ ಕೊಲೆಸ್ಟರಾಲ್ ಪರೀಕ್ಷೆಯನ್ನೂ ಮಾಡಿಸಿ. ಬಿಪಿ, ಶುಗರ್ ನೋಡಲು ಮನೆಬಾಗಿಲಿಗೇ ಬರುವ ‘ಗೃಹ ಆರೋಗ್ಯ’ ಯೋಜನೆಯನ್ನು ಸರ್ಕಾರ 2024ರಲ್ಲಿ ಆರಂಭಿಸಿದೆ. ಆಶಾ ಕಾರ್ಯಕರ್ತೆ ಬಂದಾಗ ಕೆಲಸದ ನೆಪ ಹೇಳಿ ಕಳಿಸಬೇಡಿ. ಅಂಕೆಗಳು ನಡುವಿನ ಗುಂಪಿನಲ್ಲಿ ನಿಂತರೆ ಆಗ ವೈದ್ಯರನ್ನು ಕೇಳಿ: ‘ಚಿತ್ರ ತೆಗೆಸಿದರೆ ನನ್ನ ಚಿಕಿತ್ಸೆ ಬದಲಾಗುತ್ತದೆಯೆ?’ ಬದಲಾಗುತ್ತದೆ ಎಂದರೆ ತೆಗೆಸಿ. ಮಾತ್ರೆ ಶುರುಮಾಡಿದ ಮೇಲೆ ವರ್ಷ ವರ್ಷವೂ ಕ್ಯಾಲ್ಸಿಯಂ ಸ್ಕೋರ್ ಮಾಡಿಸಬೇಡಿ. ಸ್ಟಾಟಿನ್ ಪ್ಲಾಕ್ ಅನ್ನು ಗಟ್ಟಿ ಮಾಡುವುದರಿಂದ ಅಂಕೆ ಏರಬಹುದು, ಅದು ರೋಗ ಉಲ್ಬಣಿಸಿದ ಗುರುತಲ್ಲ.

ಸ್ಕ್ಯಾನಿಂಗ್ ಯಂತ್ರಗಳನ್ನು ಹಳ್ಳಿಗಳಿಗೆ ಹೊತ್ತೊಯ್ಯಲು ಭ್ರೂಣಲಿಂಗ ಪತ್ತೆ ತಡೆಯುವ ಕಾಯ್ದೆಯ ಕಟ್ಟುಪಾಡುಗಳಿವೆ. ಹೆಣ್ಣುಮಕ್ಕಳ ಉಳಿವಿಗಾಗಿ ಇರುವ ಆ ಕಟ್ಟುಪಾಡು ಹಾಗೆಯೇ ಇರಲಿ. ಹದಡಿಯವರು ದಾವಣಗೆರೆಗೆ ಬಸ್ಸಿನಲ್ಲಿ ಹೋಗಿ ಅದೇ ದಿನ ಮರಳಬಹುದು. ನಗರದಲ್ಲಿ 1965ರಿಂದ ನಡೆಯುತ್ತಿರುವ ಜೆ.ಜೆ.ಎಂ. ಮೆಡಿಕಲ್ ಕಾಲೇಜು, ಎಸ್.ಎಸ್. ವೈದ್ಯಕೀಯ ವಿಜ್ಞಾನ ಸಂಸ್ಥೆ, ಚಿಗಟೇರಿ ಜಿಲ್ಲಾ ಆಸ್ಪತ್ರೆ ಇವೆ. ನಮಗೆ ಕೊರತೆ ಇರುವುದು ಚಿತ್ರವನ್ನು ರೋಗಿಗೆ ತಿಳಿಸಿ ಹೇಳುವುದರಲ್ಲಿ. ಕತ್ತಿನ ಸ್ಕ್ಯಾನ್‌ನ (ಕೆರೋಟಿಡ್ ಡಾಪ್ಲರ್) ವರದಿ ಇಂಗ್ಲಿಷಿನಲ್ಲಿ ಬರುತ್ತದೆ, ರೋಗಿ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಮನೆಗೆ ಒಯ್ಯುತ್ತಾನೆ, ಅದರಲ್ಲೇನಿದೆ ಎಂದು ಅವನಿಗೆ ಕೊನೆಗೂ ತಿಳಿಯುವುದಿಲ್ಲ.

ಆದ್ದರಿಂದ ಜಿಲ್ಲಾ ಆರೋಗ್ಯ ಇಲಾಖೆಗೂ ಈ ಎರಡು ಕಾಲೇಜುಗಳಿಗೂ ನನ್ನ ಕೋರಿಕೆ ಇಷ್ಟು. ಕತ್ತಿನ ಸ್ಕ್ಯಾನ್ ಆದ ಪ್ರತಿಯೊಬ್ಬರಿಗೂ ವರದಿಯ ಜೊತೆ ಕನ್ನಡದಲ್ಲಿ ಒಂದು ಹಾಳೆ ಕೊಡಿ. ಅವರ ನಾಳದ ಚಿತ್ರ, ಹಸಿರು ಕೆಂಪಿನ ಪಟ್ಟಿ, ಮಾಡಬೇಕಾದ ಮೂರು ಕೆಲಸ ಅದರಲ್ಲಿರಲಿ. ಅದರ ಪ್ರತಿ ಊರಿನ ಆರೋಗ್ಯ ಕೇಂದ್ರಕ್ಕೂ ಹೋಗಲಿ. ಎರಡು ವಾರ ಬಿಟ್ಟು ಒಬ್ಬ ನರ್ಸ್ ಫೋನ್ ಮಾಡಿ ‘ಮಾತ್ರೆ ತಗೊಂತಿದ್ದೀರೇನ್ರಿ, ಬೀಡಿ ಬಿಟ್ರಾ’ ಎಂದು ಕೇಳಲಿ. ಇದಕ್ಕೆ ಹೊಸ ಕಟ್ಟಡವಾಗಲಿ ಹೊಸ ಯಂತ್ರವಾಗಲಿ ಬೇಕಿಲ್ಲ. ವೆಸ್ಟರ್‌ಬಾಟನ್‌ನಲ್ಲಿ ಆಗಿದ್ದು ದಾವಣಗೆರೆ ಜಿಲ್ಲೆಯಲ್ಲಿ ಆಗದೆ ಇರಲು ಕಾರಣವಿಲ್ಲ. ಜಿಲ್ಲೆ ಮನಸ್ಸು ಮಾಡಿದರೆ ಈ ವರ್ಷವೇ ಶುರುಮಾಡಬಹುದು.